ಮೊದಲು ಸೂರು, ಆಮೇಲೆ ನೋಟ

(ಕಾಸರಗೋಡು ಕಡೆಯ ಒಂದು ಗ್ರಂಥಾಲಯದಲ್ಲಿ, ಮಳೆಗಾಲದಲ್ಲಿ ಗುಂಪಾಗಿ ಹೊರಗೆ ಹೋಗಿ ಚಿತ್ರ ಬರೆಯಬೇಕೆಂದಿರುವವರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲಿಗೆ ಹೋಗೋಣ ಅಂತ ಕೇಳಿದ ಕೂಡಲೇ ನಿಮ್ಮಲ್ಲಿ ಮುಕ್ಕಾಲು ಪಾಲು ಜನ ಬೇಕಲ ಕೋಟೆ ಅಂದಿರಿ. ನಾನು ಬೇಡ ಅನ್ನುತ್ತೇನೆ. ಕೋಟೆಯ ಮೇಲೆ ನನಗೇನೂ ಸಿಟ್ಟಿಲ್ಲ. ಕೆಳದಿಯ ಶಿವಪ್ಪ ನಾಯಕನ ಕಾಲದ್ದು, ಸುಮಾರು 40 ಎಕರೆ ಜಾಗ, ಕಡಲಿಗೆ ಚಾಚಿಕೊಂಡ ಕೆಂಪುಕಲ್ಲಿನ ಗೋಡೆ. ಜನವರಿಯಲ್ಲಿ ಹೋದರೆ ಸಂಜೆವರೆಗೂ ಕೂತು ಬರೆಯಬಹುದು. ಜುಲೈಯಲ್ಲಿ ಹೋಗಿ ನೋಡಿ. ತಲೆ ಮೇಲೆ ಏನೂ ಇಲ್ಲ. ಗಾಳಿ ಕಡಲಿಂದ ನೇರ ಬರುತ್ತದೆ, ಮಳೆ ಅಡ್ಡಡ್ಡ ಬರುತ್ತದೆ, ಕೊಡೆ ಸ್ವಲ್ಪ ಹೊತ್ತಿನಲ್ಲೇ ಮಗುಚಿಕೊಳ್ಳುತ್ತದೆ. ಹದಿನೈದು ಜನ ಹೋದರೆ ಹದಿನೈದು ಜನವೂ ಕೊಡೆ ಹಿಡಿಯುವ ಕೆಲಸದಲ್ಲೇ ಇರುತ್ತಾರೆ. ಚಿತ್ರ ಬರೆಯುವವರು ಯಾರು?

ಬೇಸಗೆಯಲ್ಲಿ ನಾವು ಮೊದಲು ನೋಟ ಹುಡುಕುತ್ತೇವೆ, ಆಮೇಲೆ ಎಲ್ಲಿ ಕೂರೋದು ಅಂತ ಯೋಚಿಸುತ್ತೇವೆ. ಮಳೆಗಾಲದಲ್ಲಿ ಇದನ್ನು ತಿರುಗಿಸಿ. ಮೊದಲು ಸೂರು ಹುಡುಕಿ. ಐದಾರು ಜನ ಎರಡು ಗಂಟೆ ಒದ್ದೆಯಾಗದೆ ಕೂರಬಹುದಾದ ಸೂರು. ಅದರ ಅಡಿಯಲ್ಲಿ ನಿಂತು ಸುತ್ತ ನೋಡಿ. ಏನಾದರೂ ಕಾಣುತ್ತದೆ. ಕಂಡದ್ದನ್ನು ಬರೆಯಿರಿ. ಇವತ್ತು ನಾನು ಹೇಳಲಿಕ್ಕೆ ಬಂದದ್ದು ಹೆಚ್ಚುಕಡಿಮೆ ಇಷ್ಟೇ, ಉಳಿದದ್ದೆಲ್ಲ ಇದರ ಬಾಲ.

ನಮ್ಮ ಜಿಲ್ಲೆಯಲ್ಲಿ ಸೂರಿಗೆ ಬರ ಇಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಊರಲ್ಲಿ ಜನ ಸೂರು ಕಟ್ಟದೆ ಇರುತ್ತಾರಾ? ಸುಮ್ನೆ ಒಂದು ದಿನ ಬಸ್ಸಿನಲ್ಲಿ ಕೂತು ಎಣಿಸಿ. ಬಸ್ ತಂಗುದಾಣ, ಶಾಲೆಯ ಜಗಲಿ, ಹಾಲಿನ ಸೊಸೈಟಿಯ ಮುಂದಿನ ಶೀಟು, ಅಡಿಕೆ ಒಣಗಿಸುವ ಚಪ್ಪರ, ಮೀನು ಇಳಿಸುವ ಕಡೆಯ ಶೆಡ್ಡು, ಸಣ್ಣ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರಂಗಮಂಟಪ. ಶಾಲೆಯ ಮೈದಾನದಲ್ಲೋ ದೇವಸ್ಥಾನದ ಎದುರಿನ ಗದ್ದೆಯ ಬದಿಯಲ್ಲೋ ಇರುತ್ತದಲ್ಲ, ಸಿಮೆಂಟಿನ ವೇದಿಕೆ, ಮೂರು ಬದಿ ಗೋಡೆ, ಮೇಲೆ ಶೀಟು. ಮೇ ಕೊನೆಯ ಪತ್ತನಾಜೆ ಕಳೆಯಿತೆಂದರೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಆಮೇಲೆ ಮಳೆ ಮುಗಿಯುವವರೆಗೆ ಅಲ್ಲಿ ಆಟವೂ ಇಲ್ಲ ನಾಟಕವೂ ಇಲ್ಲ. ಖಾಲಿ. ನೆಲದಿಂದ ಮೂರು ನಾಲ್ಕು ಅಡಿ ಎತ್ತರ ಇರುವುದರಿಂದ ಎರಚಲು ಒಳಗೆ ಬರುವುದು ಕಡಿಮೆ, ಎದುರಿಗೆ ಮೈದಾನ ಇರುವುದರಿಂದ ನೋಟ ದೂರಕ್ಕೆ ಹೋಗುತ್ತದೆ. ಚೌಕಟ್ಟು ಸಹ ಅದೇ ಹಾಕಿಕೊಟ್ಟಿರುತ್ತದೆ. ಕೀಲಿ ಯಾರ ಹತ್ತಿರ ಇದೆ ಅಂತ ಮೊದಲೇ ಕೇಳಿಡಿ ಅಷ್ಟೇ.

ಚಾ ಹೋಟೆಲು ಕೂಡ ಒಳ್ಳೆಯದು, ಆದರೆ ಅದಕ್ಕೆ ಒಂದು ಮರ್ಯಾದೆ ಇದೆ. ಹತ್ತು ಜನ ಒಟ್ಟಿಗೆ ನುಗ್ಗಿ ಬೆಂಚು ಹಿಡಿದು ಎರಡು ಚಾಕ್ಕೆ ಎರಡು ಗಂಟೆ ಕೂರಬೇಡಿ. ನಾಲ್ಕು ಜನ ಸಾಕು. ಹೋದ ಕೂಡಲೇ ಚಾ, ಪಳಂಪೊರಿ ಹೇಳಿ, ಕುಡಿದು ತಿಂದು, ಆಮೇಲೆ ಹೀಗೀಗೆ ಅಂತ ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ. ಒಮ್ಮೆ ಹೆದ್ದಾರಿ ಪಕ್ಕದ ಒಂದು ಹೋಟೆಲಿನಲ್ಲಿ ನಾವೆಲ್ಲ ಬೋರ್ಡು, ಕಾಗದ, ಪೆನ್ಸಿಲು ಹಿಡಿದು ರಸ್ತೆಯನ್ನೇ ನೋಡುತ್ತ ಕೂತಿದ್ದೆವು. ಹೋಟೆಲಿನವರು ಸ್ವಲ್ಪ ಹೊತ್ತು ನೋಡಿ, ಹತ್ತಿರ ಬಂದು, ಮೆಲ್ಲಗೆ ಕೇಳಿದರು: "ಮಾಷೇ, ಇನ್ನೂ ಎಷ್ಟು ಮೀಟರ್ ಒಳಗೆ ಬರ್ತದೆ?" ಹೆದ್ದಾರಿಯನ್ನು ಆರು ಪಥ ಮಾಡುವ ಸರ್ವೆಗೆ ಬಂದವರು ಅಂತ ಅವರ ಲೆಕ್ಕ. ಚಿತ್ರ ತೋರಿಸಿದ ಮೇಲೆ ಅವರ ಮುಖ ಸಡಿಲವಾದದ್ದನ್ನು ನೀವು ನೋಡಬೇಕಿತ್ತು. ಹಾಗಾಗಿ ಮೊದಲೇ ಹೇಳಿಬಿಡಿ, ನಾವು ಅಳೆಯಲಿಕ್ಕೆ ಬಂದವರಲ್ಲ ಅಂತ.

ಇನ್ನೊಂದು ಜಾಗ ಹೇಳಿ ಮುಂದೆ ಹೋಗುತ್ತೇನೆ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ, ಕೇರಳದ ಕಡಲಲ್ಲಿ ಟ್ರಾಲಿಂಗ್ ನಿಷೇಧ, ಅಂದರೆ ಯಾಂತ್ರಿಕ ಬೋಟುಗಳು ಬಲೆ ಎಳೆಯುವಂತಿಲ್ಲ. ಆ ಹೊತ್ತಿನಲ್ಲಿ ಬಂದರಿಗೆ ಹೋದರೆ ಯಾಂತ್ರಿಕ ಬೋಟುಗಳೆಲ್ಲ ಒಂದಕ್ಕೊಂದು ತಾಗಿ ನಿಂತಿರುತ್ತವೆ. ಬೋಟು ಅಲುಗುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಚಿತ್ರ ಬರೆಯುವವನಿಗೆ ಇನ್ನೇನು ಬೇಕು? ಬಲೆ ಸರಿಪಡಿಸುವವರು ಶೆಡ್ಡಿನಲ್ಲಿ ಒಂದೇ ಭಂಗಿಯಲ್ಲಿ ಅರ್ಧ ಗಂಟೆ ಕೂತಿರುತ್ತಾರೆ. ದುಡ್ಡು ಕೊಟ್ಟರೂ ಇಷ್ಟು ಒಳ್ಳೆಯ ಮಾಡೆಲ್ ಸಿಗುವುದಿಲ್ಲ. ಅವರಿಗೆ ಕೆಲಸ ಇಲ್ಲದ ದಿನಗಳು ಅವು ಅನ್ನುವುದು ಮಾತ್ರ ನೆನಪಿರಲಿ. ಪಿಕ್ನಿಕ್ಕಿನ ಗದ್ದಲ ಅಲ್ಲಿ ಬೇಡ.

ಸರಿ, ಸೂರು ಸಿಕ್ಕಿತು, ಕೂತೆವು, ಮಳೆ ಬಂತು. ಈಗ ಮಳೆಯನ್ನು ಬರೆಯುವುದು ಹೇಗೆ?

ಮಕ್ಕಳ ಹತ್ತಿರ ಮಳೆ ಬರೆ ಅಂದರೆ ಇಡೀ ಕಾಗದದ ಮೇಲೆ ಓರೆ ಗೆರೆ ಎಳೆಯುತ್ತಾರೆ. ದೊಡ್ಡವರೂ ಅದನ್ನೇ ಮಾಡುತ್ತಾರೆ, ಸ್ವಲ್ಪ ನಾಚಿಕೆಯಿಂದ. ಅದು ತಪ್ಪಲ್ಲ. ಜಪಾನಿನ ಹಿರೋಶಿಗೆ ಎಂಬ ಚಿತ್ರಕಾರ 1857ರಲ್ಲಿ ಸೇತುವೆ ಮೇಲೆ ಹಠಾತ್ತನೆ ಸುರಿದ ಮಳೆಯ ಮರದಚ್ಚಿನ ಚಿತ್ರ ಮಾಡಿದ್ದು ಬರೀ ಸಪೂರ ಗೆರೆಗಳಲ್ಲೇ. ಮೂವತ್ತು ವರ್ಷ ಕಳೆದು ವ್ಯಾನ್ ಗೋ ಅದನ್ನು ಎಣ್ಣೆ ಬಣ್ಣದಲ್ಲಿ ನಕಲು ಮಾಡಿದ. ಆದರೆ ನೀವು ಸೂರಿನ ಅಡಿಯಲ್ಲಿ ಕೂತು ನಿಜವಾದ ಮಳೆ ನೋಡುತ್ತೀರಲ್ಲ, ಅದು ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಅಂತ ಒಮ್ಮೆ ಗಮನಿಸಿ. ಆಕಾಶದ ಎದುರು ಮಳೆ ಕಾಣುವುದೇ ಇಲ್ಲ. ಬಿಳಿ ಗೋಡೆಯ ಎದುರೂ ಅಷ್ಟೇ. ಅಡಿಕೆ ತೋಟದ ಕತ್ತಲೆಯ ಎದುರು, ತೆರೆದ ಬಾಗಿಲಿನ ಎದುರು, ನಿಂತ ಲಾರಿಯ ಕಪ್ಪು ಟಯರಿನ ಎದುರು ಬೆಳ್ಳಗೆ ಗೆರೆ ಗೆರೆಯಾಗಿ ಕಾಣುತ್ತದೆ. ಹನಿ ಸುತ್ತಲಿನ ಆಕಾಶದ ಬೆಳಕನ್ನೆಲ್ಲ ಬಗ್ಗಿಸಿ ನಮ್ಮ ಕಣ್ಣಿಗೆ ಕಳಿಸುತ್ತದೆ, ಹಾಗಾಗಿ ಹಿಂದೆ ಕತ್ತಲೆ ಇದ್ದರೆ ಮಾತ್ರ ಅದು ಎದ್ದು ಕಾಣುವುದು. ಗೆರೆ ಎಳೆಯುವುದಿದ್ದರೆ ಅಲ್ಲಿ ಮಾತ್ರ ಎಳೆಯಿರಿ, ಅದೂ ನಾಲ್ಕೈದು. ಬಣ್ಣ ಹಚ್ಚುವ ಮೊದಲು ಮೇಣದ ಬತ್ತಿಯ ಚೂಪು ತುದಿಯಿಂದ ಅಲ್ಲಿ ಗೀರಿಡಿ, ಮೇಲೆ ಕಡು ಬಣ್ಣ ಎಳೆದಾಗ ಆ ಗೀರು ಬೆಳ್ಳಗೆ ಉಳಿಯುತ್ತದೆ.

ಹಿಮಾಲಯದ ತಪ್ಪಲಿನ ನಮ್ಮ ಪಹಾಡಿ ಚಿತ್ರಕಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮಳೆಗಾಲದ ಚಿತ್ರಗಳಲ್ಲಿ ಕಾರ್ಮೋಡ ಕವಿದಿರುತ್ತದೆ, ಅದರ ಎದುರಿಗೆ ಬೆಳ್ಳಕ್ಕಿಗಳ ಸಾಲು ಹಾರಿಸುತ್ತಾರೆ. ಕಪ್ಪು ಎಷ್ಟು ಕಪ್ಪು ಅಂತ ಹೇಳಲಿಕ್ಕೆ ಆ ಬಿಳಿ ಬೇಕು. ನಮ್ಮ ಬೈಲಿನಲ್ಲಿ ಬೆಳ್ಳಕ್ಕಿಗೇನು ಕಡಿಮೆಯಾ? ಉಳುಮೆ ಯಂತ್ರದ ಹಿಂದೆ ಗುಂಪುಗುಂಪಾಗಿ ಬರುತ್ತವೆ.

ಮಳೆ ಜೋರಾದಾಗ ಇನ್ನೂ ಒಂದು ಆಗುತ್ತದೆ. ದೂರದ್ದು ಒಂದೊಂದಾಗಿ ಹೋಗುತ್ತದೆ. ಪೊಸಡಿ ಗುಂಪೆ ಗುಡ್ಡೆಯ ಕಡೆ ಮುಖ ಮಾಡಿ ಕೂತಿದ್ದೀರಿ ಅಂತ ಇಟ್ಟುಕೊಳ್ಳಿ. ಮೊದಲು ಗುಡ್ಡೆ ಹೋಯಿತು. ಆಮೇಲೆ ಗುಡ್ಡೆಯ ಬುಡದ ತೆಂಗಿನ ಸಾಲು ಬೂದಿಯಾಯಿತು. ಆಮೇಲೆ ಅದೂ ಇಲ್ಲ. ಕೊನೆಗೆ ಉಳಿಯುವುದು ಎದುರಿನ ಅಂಗಳ, ಒಂದು ಬಾವಿಕಟ್ಟೆ, ಒಂದು ಬಾಳೆಗಿಡ. ಸುಮಾರು ಜನ ಇಲ್ಲಿ ಪೆನ್ಸಿಲ್ ಕೆಳಗಿಟ್ಟು "ಛೆ, ಏನೂ ಕಾಣುವುದಿಲ್ಲ, ಮಳೆ ಬಿಡಲಿ" ಅಂತ ಮೊಬೈಲ್ ತೆಗೆಯುತ್ತಾರೆ. ಆಗಲೇ ಬರೆಯಬೇಕಾದದ್ದು! ಗುಡ್ಡೆ ಹೋಯಿತಾ, ಹೋಗಲಿ, ನಿಮ್ಮ ಚಿತ್ರದಲ್ಲೂ ಹೋಗಲಿ. ಮೊದಲೇ ಗುಡ್ಡೆ ಬರೆದಾಗಿದ್ದರೆ ಅದರ ಮೇಲೆ ಒದ್ದೆ ಬ್ರಶ್ಶು ಎಳೆದು ಟಿಶ್ಯೂ ಒತ್ತಿ ತೆಗೆಯಿರಿ. ಮಳೆ ಏನೇನು ಅಳಿಸಿತು ಅನ್ನುವುದನ್ನು ಸರಿಯಾಗಿ ತೋರಿಸಿದರೆ ಒಂದು ಗೆರೆಯೂ ಇಲ್ಲದೆ ಮಳೆ ಬರುತ್ತದೆ.

ಆಕಾಶದ ವಿಷಯದಲ್ಲೂ ನಮಗೆ ಮೋಸ ಆಗುತ್ತದೆ. ಮೋಡ ಕವಿದಿದೆ ಅಂತ ಕಪ್ಪು ಬೂದು ಬಳಿಯುತ್ತೇವೆ. ಕಣ್ಣು ಅರ್ಧ ಮುಚ್ಚಿ ನೋಡಿ. ಎಷ್ಟೇ ಮೋಡ ಇದ್ದರೂ ತೋಟಕ್ಕಿಂತ, ಮನೆಯ ಮಾಡಿಗಿಂತ, ರಸ್ತೆಗಿಂತ ಆಕಾಶವೇ ಬೆಳಕು. ಟಾರು ರಸ್ತೆಯನ್ನು ನೋಡಿ, ನಿಮ್ಮ ಕಾಲ ಬುಡದಲ್ಲಿ ಅದು ಕಡುಕಪ್ಪು, ಐವತ್ತು ಹೆಜ್ಜೆ ಆಚೆ ಅದೇ ರಸ್ತೆ ಆಕಾಶದಷ್ಟೇ ಬಿಳಿ. ಒದ್ದೆ ನೆಲವನ್ನು ಓರೆಯಿಂದ ನೋಡಿದಷ್ಟೂ ಅದು ಕನ್ನಡಿಯಾಗುತ್ತ ಹೋಗುತ್ತದೆ. ನೆರಳು ಅಂತೂ ಇಲ್ಲವೇ ಇಲ್ಲ. ಬೆಳಕು ಎಲ್ಲ ಕಡೆಯಿಂದ ಒಂದೇ ಸಮ ಇಳಿಯುತ್ತದೆ, ಹಾಗಾಗಿ ಕತ್ತಲೆ ಇರುವುದು ವಸ್ತುಗಳ ಅಡಿಯಲ್ಲಿ. ರಿಕ್ಷಾದ ಅಡಿ, ಇಳಿಜಾರು ಮಾಡಿನ ಅಡಿ, ಕೊಡೆಯ ಅಡಿ. ಕೊಡೆ ಹಿಡಿದ ಮನುಷ್ಯನನ್ನು ಬರೆಯುವಾಗ ಮುಖ ಬರೆಯುವ ಕಷ್ಟ ಬೇಡ. ಕೊಡೆ, ಅದರ ಕೆಳಗೆ ಕತ್ತಲೆ, ಎರಡು ಕಾಲು, ರಸ್ತೆಯಲ್ಲಿ ಅವುಗಳ ಪ್ರತಿಬಿಂಬ, ಮುಗಿಯಿತು.

ಬಣ್ಣಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ನಮ್ಮ ಊರಿನ ಮಳೆಗಾಲದ ಬಣ್ಣ ಬೇರೆ ಕಡೆ ಇಲ್ಲ.

ಹಸಿರು ಜಾಸ್ತಿ. ಎಲ್ಲಿ ನೋಡಿದರೂ ಹಸಿರು. ಪೆಟ್ಟಿಗೆಯಲ್ಲಿ ಇರುವ ಹಸಿರನ್ನು ಹಾಗೇ ತೆಗೆದು ಹಚ್ಚಿದರೆ ಚಿತ್ರ ಪ್ಲಾಸ್ಟಿಕ್ ಆಗುತ್ತದೆ. ನೀವೇ ಕಲಸಿಕೊಳ್ಳಿ. ಹಳದಿಗೆ ಪ್ರಶ್ಯನ್ ನೀಲಿ ಸೇರಿಸಿದರೆ ನೇಜಿಯ, ಅಂದರೆ ಭತ್ತದ ಸಸಿಯ ಹಸಿರು ಬರುತ್ತದೆ, ಅದಕ್ಕೇ ಒಂಚೂರು ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ತಾಗಿಸಿದರೆ ಹಲಸಿನ ಎಲೆ, ಇನ್ನೂ ಸ್ವಲ್ಪ ಹಾಕಿದರೆ ಪಾಚಿ ಹಿಡಿದ ಗೋಡೆ. ಅಡಿಕೆ ತೋಟದ ಹಸಿರು ಮಾತ್ರ ಬೇರೆಯೇ. ಕೊಳೆರೋಗಕ್ಕೆ ಮದ್ದು ಬಿಡುತ್ತಾರಲ್ಲ, ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ, ಅದು ಬಿದ್ದ ಗೊನೆ, ಎಲೆ, ಮರದ ಮೈ, ಕೆಳಗಿನ ಬಾಳೆ ಎಲ್ಲ ತೆಳು ನೀಲಿಯಾಗುತ್ತದೆ. ತಾಮ್ರದ ನೀಲಿ. ಮದ್ದು ಬಿಟ್ಟ ತೋಟವನ್ನು ಬಿಡದ ತೋಟದ ಪಕ್ಕದಲ್ಲಿ ಇಟ್ಟು ಬರೆದು ನೋಡಿ. ಚಿತ್ರ ನೋಡಿದ ಕೃಷಿಕರು ಯಾವುದು ಯಾವುದು ಅಂತ ಬೆರಳಿಟ್ಟು ಹೇಳುತ್ತಾರೆ. ಹೊರಗಿನವರಿಗೆ ಅದು ಬರೀ ತೋಟ.

ಕೆಂಪುಕಲ್ಲು. ಮುರಕಲ್ಲು ಅನ್ನಿ, ಏನು ಬೇಕಾದರೂ ಅನ್ನಿ. ಇಂಗ್ಲಿಷಿನವರ ಕಾಲದಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ನೋಡಿ 1807ರಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟ. ನಮಗೆ ಬೇಕಾದದ್ದು ಬೇರೆ. ಒಣಗಿದ ಕೆಂಪುಕಲ್ಲಿನ ಗೋಡೆ ಕಿತ್ತಳೆ ಕಡೆಗೆ ಇರುತ್ತದೆ, ಒದ್ದೆಯಾದ ಕೂಡಲೇ ಕಡು ಕಂದು. ಕಲ್ಲಿನ ತೂತುಗಳಲ್ಲಿ ಗಾಳಿಯ ಬದಲು ನೀರು ತುಂಬಿದಾಗ ಬೆಳಕು ಒಳಕ್ಕೆ ಹೋಗುವುದು ಹೆಚ್ಚು, ತಿರುಗಿ ಬರುವುದು ಕಡಿಮೆ. ಒಂದೇ ಗೋಡೆಯಲ್ಲಿ ಮಾಡಿನ ಅಡಿ ಒಣ ಬಣ್ಣ, ಕೆಳಗೆ ಎರಚಲು ಹೊಡೆದಲ್ಲಿ ಒದ್ದೆ ಬಣ್ಣ, ಎರಡರ ನಡುವೆ ಒಂದು ಏರಿಳಿತದ ಗಡಿ. ಆ ಗಡಿಯನ್ನು ಸರಿಯಾಗಿ ಹಿಡಿದರೆ ಮಳೆ ಎಷ್ಟು ಓರೆಯಾಗಿ ಬರುತ್ತಿತ್ತು ಅಂತ ನೋಡಿದವರಿಗೆ ತಿಳಿಯುತ್ತದೆ. ಇನ್ನೊಂದು ಖುಷಿಯ ವಿಷಯ. ಈ ಕಲ್ಲಿಗೆ ಕೆಂಪು ಕೊಟ್ಟದ್ದು ಕಬ್ಬಿಣದ ಆಕ್ಸೈಡು, ನಿಮ್ಮ ಪೆಟ್ಟಿಗೆಯ ಬರ್ಂಟ್ ಸಿಯೆನ್ನಾ, ಇಂಡಿಯನ್ ರೆಡ್ ಇವೆಲ್ಲವೂ ಅದೇ ಕಬ್ಬಿಣದ ಆಕ್ಸೈಡು. ಹಾಗಾಗಿ ಗೋಡೆಗೆ ಬಣ್ಣ ಹುಡುಕಬೇಡಿ, ಅದು ಆಗಲೇ ಪೆಟ್ಟಿಗೆಯಲ್ಲಿದೆ.

ಈಗ ನೀಲಿ ಟರ್ಪಾಲಿನ ವಿಷಯ. ಇದನ್ನು ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಮಳೆಗಾಲ ಶುರುವಾದರೆ ಇಡೀ ಊರು ನೀಲಿ ಟರ್ಪಾಲು ಹೊದೆಯುತ್ತದೆ. ಸೂರು ಸಾಲದೆ ಹೋದಾಗ ಗುಂಪಿನವರೂ ಅದನ್ನೇ ಎರಡು ಮರಕ್ಕೆ ಕಟ್ಟಿ ಅಡಿಯಲ್ಲಿ ಕೂರುತ್ತಾರೆ. ಬೆಳಕು ಆ ನೀಲಿಯ ಮೂಲಕ ಇಳಿದು ಬಿಳಿ ಕಾಗದವನ್ನು ನೀಲಿ ಮಾಡುತ್ತದೆ. ಕಣ್ಣು ಎರಡು ನಿಮಿಷದಲ್ಲಿ ಅದಕ್ಕೆ ಒಗ್ಗಿಬಿಡುತ್ತದೆ, ಹಾಗಾಗಿ ನಿಮಗೆ ಗೊತ್ತೇ ಆಗುವುದಿಲ್ಲ. ಆದರೆ ಟರ್ಪಾಲಿನ ಹೊರಗೆ ಕಾಣುವ ಗೋಡೆ ಬೆಚ್ಚಗಿದೆ, ನಿಮ್ಮ ಕಾಗದದ ಮೇಲಿನ ಗೋಡೆ ತಣ್ಣಗೆ ಕಾಣುತ್ತದೆ. ಸಾಲದು ಅಂತ ಕೆಂಪು ಹಾಕುತ್ತೀರಿ, ಇನ್ನೂ ಸ್ವಲ್ಪ ಹಳದಿ ಹಾಕುತ್ತೀರಿ. ಮಳೆ ನಿಂತ ಮೇಲೆ ಹೊರಗೆ ತಂದು ನೋಡಿದರೆ ಇಡೀ ಚಿತ್ರಕ್ಕೆ ಅರಿಶಿನ ಕುಂಕುಮ ಹಚ್ಚಿದ್ದೀರಿ. ಒಂದೇ ಟರ್ಪಾಲಿನ ಅಡಿಯಲ್ಲಿ ಕೂತ ಏಳೆಂಟು ಜನರ ಚಿತ್ರವನ್ನು ಸಾಲಾಗಿ ಇಟ್ಟಾಗ ಇದು ಚೆನ್ನಾಗಿ ಕಾಣುತ್ತದೆ, ಎಲ್ಲವೂ ಒಂದೇ ಬದಿಗೆ ವಾಲಿರುತ್ತವೆ. ಬಣ್ಣದ ಕೊಡೆಗೂ ಇದೇ ಮಾತು. ಚಿತ್ರ ಬರೆಯಲಿಕ್ಕೆ ಕೊಡೆ ತರುವುದಿದ್ದರೆ ಹಳೆಯ ಕಪ್ಪು ಕೊಡೆ ತನ್ನಿ. ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ ಹೊರತು ಬಣ್ಣ ಕೆಡುವುದಿಲ್ಲ. ಮನೆಯಲ್ಲಿ ಅಟ್ಟದ ಮೇಲೆ ಹಳೆಯ ಓಲೆಕೊಡೆ ಇದ್ದರಂತೂ ತನ್ನಿ, ಅದನ್ನೇ ಎದುರಿಗಿಟ್ಟು ಬರೆಯೋಣ.

ಸಾಮಾನು. ಇದರ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಸಾಮಾನಿನ ಮಾತು ಶುರು ಮಾಡಿದರೆ ಚಿತ್ರಕಾರರು ಊಟಕ್ಕೂ ಏಳುವುದಿಲ್ಲ. ಕಾಗದ ಸಣ್ಣದಿರಲಿ, ಅಂಗೈ ಎರಡು ಸೇರಿದಷ್ಟು. ದಪ್ಪ 300 ಜಿಎಸ್ಎಂ ಇದ್ದರೆ ಒಳ್ಳೆಯದು, ತೆಳುವಾದದ್ದು ಈ ಹವೆಯಲ್ಲಿ ಬಣ್ಣ ಹಾಕುವ ಮೊದಲೇ ಡೊಂಕಾಗಿರುತ್ತದೆ. ಬಾಲ್ ಪೆನ್ನಿನ ಶಾಯಿ ಎಣ್ಣೆಯದು, ನೀರಿಗೆ ಹರಡುವುದಿಲ್ಲ. ಜೆಲ್ ಪೆನ್ನು, ಶಾಯಿ ಪೆನ್ನು ಹರಡಬಹುದು, ಮನೆಯಲ್ಲೇ ಒಂದು ಗೆರೆ ಎಳೆದು ನೀರು ಹಾಕಿ ನೋಡಿ ತನ್ನಿ. ಮಕ್ಕಳಿಗೆ ಮೇಣದ ಕ್ರೇಯಾನು ಕೊಡಿ, ಒಂದೆರಡು ಹನಿ ಬಿದ್ದರೂ ಅದಕ್ಕೇನೂ ಆಗುವುದಿಲ್ಲ. ಅಕ್ರಿಲಿಕ್ ಒಣಗುವ ಮೊದಲು ಮಳೆ ತಾಗಿದರೆ ತೊಳೆದು ಹೋಗುತ್ತದೆ. ಎಣ್ಣೆ ಬಣ್ಣದ ಮೇಲೆ ಹನಿ ನಿಲ್ಲದೆ ಜಾರುತ್ತದೆ, ಆದರೆ ಬ್ರಶ್ಶಿನಲ್ಲಿ ನೀರು ಸೇರಿ ಬಣ್ಣ ಗಂಜಿಯಾಗದಂತೆ ನೋಡಿಕೊಳ್ಳಬೇಕು. ಅಂದಹಾಗೆ, ಬಣ್ಣ ಟ್ಯೂಬಿನಲ್ಲಿ ಬರಲಿಕ್ಕೆ ಶುರುವಾದದ್ದೇ 1841ರ ಮೇಲೆ, ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಟ್ಯೂಬು ಕಂಡುಹಿಡಿದ. ಅದಕ್ಕೆ ಮುಂಚೆ ಎಣ್ಣೆ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ತುಂಬಿ ದಾರ ಕಟ್ಟಿಡುತ್ತಿದ್ದರು. ಅದನ್ನು ಹಿಡಿದುಕೊಂಡು ಯಾರು ಹೊರಗೆ ಹೋಗುತ್ತಾರೆ, ಹೇಳಿ.

ಜಲವರ್ಣವೇ ನಮಗೆ ಹೆಚ್ಚು ಹೊಂದುವುದು, ಆದರೆ ಅದು ಒಣಗುವುದಿಲ್ಲ ಅನ್ನುವುದನ್ನು ಒಪ್ಪಿಕೊಂಡು ಹೊರಡಿ. ಬೇಸಗೆಯಲ್ಲಿ ಕೆಲವೇ ನಿಮಿಷದಲ್ಲಿ ಒಣಗುವ ಲೇಪ ಆಟಿ ತಿಂಗಳಲ್ಲಿ ಅರ್ಧ ಗಂಟೆಯಾದರೂ ಹಸಿ. ಒಣ ಬ್ರಶ್ಶಿನ ಕೆಲಸ, ಒಂದರ ಮೇಲೊಂದು ಪದರ, ಇವೆಲ್ಲ ಆಗುವುದಿಲ್ಲ. ಹಸಿಯ ಮೇಲೆ ಹಸಿ ಹಾಕುವುದೇ ದಾರಿ, ಮೋಡಕ್ಕೂ ಮಂಜಿಗೂ ಅದೇ ಬೇಕು ತಾನೇ. ಇಲ್ಲಿ ಒಂದು ಹೊತ್ತನ್ನು ಮಾತ್ರ ಕಾಯಬೇಕು. ಬಣ್ಣ ಹಚ್ಚಿದ ಮೇಲೆ ಕಾಗದ ಮಿರಮಿರ ಹೊಳೆಯುತ್ತದೆ, ಆಗ ಹನಿ ಬಿದ್ದರೆ ಸುಮ್ನೆ ಕರಗುತ್ತದೆ. ಹೊಳಪು ಆರಿ ಕಾಗದ ಇನ್ನೂ ತಣ್ಣಗಿರುವಾಗ ಬಿದ್ದರೆ ಕಷ್ಟ, ಆ ನೀರು ಬಣ್ಣವನ್ನು ಹೊರಕ್ಕೆ ತಳ್ಳಿ ಅಂಚಿನಲ್ಲಿ ಬಿಡುತ್ತದೆ, ಹೂಕೋಸಿನಂತೆ ಒಂದು ಕಲೆ ಅರಳುತ್ತದೆ. ಕೆಲವರು ಬೇಕಂತಲೇ ಕಾಗದವನ್ನು ಸೂರಿನ ಹೊರಗೆ ಚಾಚಿ ಹನಿ ಬೀಳಿಸಿಕೊಳ್ಳುತ್ತಾರೆ. ಒಮ್ಮೆ ಮಾಡಿ ನೋಡಿ, ಚಂದ ಇರುತ್ತದೆ. ಪ್ರತಿ ಚಿತ್ರಕ್ಕೂ ಮಾಡಿದರೆ ಅದು ಮಳೆಯ ಚಿತ್ರ ಅಲ್ಲ, ಮಳೆ ಮಾಡಿದ ಚಿತ್ರ, ನಿಮ್ಮ ಹೆಸರು ಹಾಕಿಕೊಳ್ಳಲಿಕ್ಕೆ ನ್ಯಾಯ ಇಲ್ಲ. ಮತ್ತೆ ಒಣಗಿಸಲಿಕ್ಕೆ ಅಂತ ಚಾ ಹೋಟೆಲಿನ ಸಮೋವರಿನ ಮೇಲೆ ಕಾಗದ ಹಿಡಿಯಬೇಡಿ. ಅಲ್ಲಿಂದ ಬರುವುದು ಆವಿ! ಮನೆಗೆ ಹೋಗಿ ಫ್ಯಾನಿನ ಅಡಿಯಲ್ಲಿ ಇಡಿ.

ಗುಂಪಿನ ಬಗ್ಗೆ. ಒಬ್ಬರೇ ಮಳೆಯಲ್ಲಿ ಚಿತ್ರ ಬರೆಯುವುದು ನಿಜಕ್ಕೂ ಕಷ್ಟ. ಗುಂಪಿದ್ದರೆ ಸೂರು ಕೇಳುವ ಧೈರ್ಯ ಬರುತ್ತದೆ, ಟಿಶ್ಯೂ ಮರೆತರೆ ಇನ್ನೊಬ್ಬರ ಹತ್ತಿರ ಇರುತ್ತದೆ, ಹೆಣ್ಣುಮಕ್ಕಳು ಅಪರಿಚಿತ ಜಾಗದಲ್ಲಿ ನಿರಾಳವಾಗಿ ಕೂರಬಹುದು. ಆದರೆ ಒಂದು ಸೂರಿಗೆ ಆರು ಜನಕ್ಕಿಂತ ಜಾಸ್ತಿ ಬೇಡ. ಇಪ್ಪತ್ತು ಜನ ಬಂದರೆ ನಾಲ್ಕು ಸೂರು ಮಾಡಿ, ಕೂಗಿದರೆ ಕೇಳುವಷ್ಟು ದೂರದಲ್ಲಿ. ಪ್ರತಿ ಸೂರಿನಲ್ಲೂ ಆ ಊರಿನ ಮಾತು ಬರುವ ಒಬ್ಬರು ಇರಲಿ. ನಮ್ಮದು ಏಳು ಭಾಷೆಯ ಊರು ಅಂತ ವೇದಿಕೆಯಲ್ಲಿ ಹೇಳುತ್ತೇವಲ್ಲ, ಅದು ಉಪಯೋಗಕ್ಕೆ ಬರುವುದು ಇಂಥಲ್ಲೇ. ಬಂದರಿನಲ್ಲಿ ಮಲಯಾಳ ಬರುವವರು, ತೋಟದ ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಬರುವವರು ಮಾತಾಡಿದರೆ ಕುರ್ಚಿಯೂ ಬರುತ್ತದೆ, ಬೆಲ್ಲ ನೀರೂ ಬರುತ್ತದೆ.

ಬರೆಯುವಾಗ ಇನ್ನೊಬ್ಬರ ಕಾಗದಕ್ಕೆ ಬಾಯಿ ಹಾಕಬೇಡಿ. "ಅಲ್ಲಿ ಸ್ವಲ್ಪ ಹಸಿರು ಹಾಕು" ಅನ್ನುವವರನ್ನು ನಾನು ಬೇರೆ ಸೂರಿಗೆ ಕಳಿಸುತ್ತೇನೆ. ಎಲ್ಲ ಮುಗಿದ ಮೇಲೆ ನೆಲದಲ್ಲಿ ಸಾಲಾಗಿ ಇಟ್ಟು ನಿಂತು ನೋಡೋಣ. ಹಿಂಬದಿಯಲ್ಲಿ ತಾರೀಕು, ಹೊತ್ತು, ಗಾಳಿ ಯಾವ ಕಡೆಯಿಂದ, ಮಳೆ ಹೇಗಿತ್ತು ಅಂತ ಒಂದು ಸಾಲು ಬರೆಯಿರಿ. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821, 1822ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೀ ಮೋಡ ಬರೆಯುತ್ತಿದ್ದಾಗ ಹೀಗೇ ಮಾಡುತ್ತಿದ್ದ. ಒಂದೇ ರಂಗಮಂಟಪದಿಂದ ಆರು ಜನ ಬರೆದ ಆರು ಚಿತ್ರಗಳಲ್ಲಿ ಹತ್ತು ಗಂಟೆಯದ್ದರಲ್ಲಿ ಗುಡ್ಡೆ ಇರುತ್ತದೆ, ಹತ್ತೂ ಕಾಲಿನದ್ದರಲ್ಲಿ ಇರುವುದಿಲ್ಲ. ಹೊತ್ತು ಬರೆದಿದ್ದರೆ ಮಾತ್ರ ಅದು ತಿಳಿಯುವುದು.

ಮಕ್ಕಳನ್ನು ಕರೆದುಕೊಂಡು ಬರುವ ಅಧ್ಯಾಪಕರು ಇಲ್ಲಿದ್ದೀರಿ, ನಿಮಗೆ ಒಂದು ಮಾತು. ನಮ್ಮ ಜಿಲ್ಲೆಯ ಅನಂತಪುರಕ್ಕೆ ಹೋದರೆ, ಕೆರೆಯ ನಡುವಿನ ದೇವಸ್ಥಾನ, ಸುತ್ತ ಕೆಂಪುಕಲ್ಲು, ನೀರಿನ ಮೇಲೆ ಮಳೆಯ ಉಂಗುರ, ಎಲ್ಲ ಇದೆ. ಮಕ್ಕಳು ಏನು ಬರೆಯುತ್ತಾರೆ ಗೊತ್ತಲ್ವಾ? ಮೊಸಳೆ. ಆ ಕೆರೆಯ ಮೊಸಳೆ ಬಬಿಯಾ ತೀರಿಹೋದದ್ದು 2022ರ ಅಕ್ಟೋಬರಿನಲ್ಲಿ, ಆದರೂ ಮೊಸಳೆಯೇ ಬರೆಯುತ್ತಾರೆ. ಬರೆಯಲಿ ಬಿಡಿ. ಮೊಸಳೆ ಬರೆದಾದ ಮೇಲೆ ನೀರಲ್ಲಿ ಉಂಗುರ ಎಲ್ಲಿ ದೊಡ್ಡದಿದೆ, ಎಲ್ಲಿ ಸಣ್ಣದಿದೆ ಅಂತ ಕೇಳಿ. ಹತ್ತಿರದ್ದು ದೊಡ್ಡದು ದುಂಡಗೆ, ದೂರದ್ದು ಸಣ್ಣದು ಚಪ್ಪಟೆ. ಅವರೇ ಕಂಡುಹಿಡಿದು ಹೇಳುತ್ತಾರೆ.

ಯಾವಾಗ ಹೋಗಬಾರದು? ಮಳೆ ಬರುತ್ತಿದೆ ಅಂತ ತಿರುಗಾಟ ರದ್ದು ಮಾಡುವುದಿಲ್ಲ, ಅದಕ್ಕೇ ಹೋಗುವುದು. ಆದರೆ ಕಲೆಕ್ಟರು ಶಾಲೆಗೆ ರಜೆ ಕೊಟ್ಟ ದಿನ ನಮಗೂ ರಜೆ. ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆಯ ಮುನ್ಸೂಚನೆ, ರೆಡ್ ಅಂದರೆ ಅದಕ್ಕೂ ಮೇಲೆ. ಆ ಎರಡು ದಿನಗಳಲ್ಲಿ ಮನೆಯ ಕಿಟಕಿಯೇ ನಿಮ್ಮ ಸೂರು. ಯೆಲ್ಲೋ ಇದ್ದರೆ ಊರೊಳಗೆ ಮಾತ್ರ, ಹೊಳೆ ಬದಿ, ಕಡಲ ಬದಿ, ಗುಡ್ಡೆ ಬೇಡ. ಸಿಡಿಲಿನ ಲೆಕ್ಕ ಬೇರೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು ಹತ್ತು ಕಿಲೋಮೀಟರಿನೊಳಗೆ ಇದೆ. ಬಸ್ ತಂಗುದಾಣ, ರಂಗಮಂಟಪ ಮಳೆಗೆ ಆಗುತ್ತದೆ, ಸಿಡಿಲಿಗೆ ಆಗುವುದಿಲ್ಲ. ನಾಲ್ಕು ಗೋಡೆ ಇರುವ ಕಟ್ಟಡದ ಒಳಗೋ ಮುಚ್ಚಿದ ವಾಹನದ ಒಳಗೋ ಹೋಗಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯವರೆಗೆ ಹೊರಗೆ ಬರಬೇಡಿ. ಕಲ್ಲಿನ ಕೋರೆಯ ಹತ್ತಿರ ಹೋಗುವುದೇ ಬೇಡ. ಮಳೆಗಾಲದಲ್ಲಿ ಅದರಲ್ಲಿ ಹಸಿರು ನೀರು ತುಂಬಿ ಚಿತ್ರಕ್ಕೆ ಭಾರೀ ಚಂದ ಕಾಣುತ್ತದೆ, ಅಂಚು ಮಾತ್ರ ಪಾಚಿ, ಆಳ ಎಷ್ಟು ಅಂತ ಯಾರಿಗೂ ಗೊತ್ತಿರುವುದಿಲ್ಲ. ರಾಣಿಪುರದ ಗುಡ್ಡೆಗೆ ಹೋಗುತ್ತೇವೆ ಅನ್ನುವವರು ಇಂಬಳಕ್ಕೆ ಉಪ್ಪು ತಗೊಂಡು ಹೋಗಿ, ನಾನು ಬರುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದ್ದಾರೆ, ಬರೆದ ಚಿತ್ರಕ್ಕೆ ಬೂಷ್ಟು ಹಿಡಿಯುತ್ತದೆ, ಏನು ಮಾಡುವುದು ಅಂತ. ಹಿಡಿಯುತ್ತದೆ. ಕಾಗದಕ್ಕೆ ಹಾಕಿದ ಅಂಟು, ಬಣ್ಣದಲ್ಲಿರುವ ಗೋಂದು, ಕೆಲವು ಬಣ್ಣಗಳಲ್ಲಿ ಜೇನೂ ಇರುತ್ತದೆ, ಎಲ್ಲವೂ ಬೂಷ್ಟಿಗೆ ಊಟ. ಬಣ್ಣದ ಪೆಟ್ಟಿಗೆಯನ್ನು ಹಸಿ ಇರುವಾಗ ಮುಚ್ಚಬೇಡಿ, ರಾತ್ರಿ ತೆರೆದಿಟ್ಟು ಬೆಳಿಗ್ಗೆ ಮುಚ್ಚಿ. ಬಣ್ಣದ ಕೇಕಿನ ಮೇಲೆ ಆಗಲೇ ಬಿಳಿ ಬಂದಿದ್ದರೆ ಮೇಲ್ಪದರ ಒರೆಸಿ ತೆಗೆದು ಒಂದು ಹನಿ ಲವಂಗದ ಎಣ್ಣೆ ಹಾಕಿ. ಚಿತ್ರ ಪೂರ್ತಿ ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಪೊಟ್ಟಣವನ್ನು ಆಗಾಗ ಬದಲಿಸಿ. ಮತ್ತೆ ಡಿಸೆಂಬರಿಗೆ ಮೊದಲು ಫ್ರೇಮು ಹಾಕಿಸಬೇಡಿ. ಕಾಗದದಲ್ಲಿ ಉಳಿದ ತೇವ ಗಾಜಿನ ಒಳಗೆ ಸಿಕ್ಕಿಕೊಂಡರೆ ಹೊರಗೆ ಹೋಗಲಿಕ್ಕೆ ದಾರಿ ಇಲ್ಲ. ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪ ರಟ್ಟಿನ ಮೌಂಟ್ ಹಾಕಿ ಅಂತ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ, ಹೇಳದಿದ್ದರೆ ಕೆಲವರು ನೇರ ಗಾಜಿಗೇ ಒತ್ತಿ ಕೂರಿಸುತ್ತಾರೆ.